ಮಾತ್ರೆ ಕೂತ ಜಾಗವನ್ನು ಕಣ್ಣಾರೆ ಕಂಡದ್ದು: ಪ್ರೋಟೀನ್ ಡೇಟಾ ಬ್ಯಾಂಕ್ ಬಳಸಿದ ಅನುಭವ

ಖಿನ್ನತೆಗೆ ಕೊಡುವ ಮಾತ್ರೆಗಳ ಪಾಠ ಬಂದಾಗಲೆಲ್ಲ ನಾನು ಕರಿಹಲಗೆಯ ಮೇಲೆ ಎರಡು ನರಕೋಶಗಳನ್ನು ಬರೆದು, ನಡುವಿನ ಸಂದಿನಲ್ಲಿ ಸೆರಟೋನಿನ್ (ಒಂದು ನರಕೋಶದಿಂದ ಇನ್ನೊಂದಕ್ಕೆ ಸಂದೇಶ ಒಯ್ಯುವ ರಾಸಾಯನಿಕ, ಅಂದರೆ ನರಪ್ರೇಷಕ) ಎಂದು ಕೆಲವು ಚುಕ್ಕೆಗಳನ್ನಿಟ್ಟು, ಕೋಶದ ಅಂಚಿನಲ್ಲಿ ಒಂದು ಚೌಕ ಎಳೆದು, ‘ಇದು ಸಂದಿನ ಸೆರಟೋನಿನನ್ನು ಕೋಶದೊಳಕ್ಕೆ ಮರಳಿ ಒಯ್ಯುವ ಪ್ರೋಟೀನ್, ಸೆರಟೋನಿನ್ ಟ್ರಾನ್ಸ್‌ಪೋರ್ಟರ್, ಮಾತ್ರೆ ಇದನ್ನು ಮುಚ್ಚುತ್ತದೆ’ ಎಂದು ಹೇಳಿ ಮುಂದಿನ ವಿಷಯಕ್ಕೆ ಹೋಗುತ್ತಿದ್ದೆ. ಫಾರ್ಮಸಿ ಓದುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಒಮ್ಮೆ ಎದ್ದು ನಿಂತು, ‘ಸರ್, ಮುಚ್ಚುತ್ತದೆ ಅಂದರೆ ಬಾಟಲಿಗೆ ಬಿರಡೆ ಹಾಕಿದ ಹಾಗೋ, ಇಲ್ಲ ಒಳಗೇ ಹೋಗಿ ಸಿಕ್ಕಿಕೊಂಡ ಹಾಗೋ?’ ಎಂದು ಕೇಳಿದಳು. ನನ್ನ ಚೌಕದಲ್ಲಿ ಆ ಪ್ರಶ್ನೆಗೆ ಉತ್ತರವಿರಲಿಲ್ಲ. ಉತ್ತರ ಸಿಕ್ಕಿದ್ದು ಪ್ರೋಟೀನ್ ಡೇಟಾ ಬ್ಯಾಂಕ್ ಎಂಬ ಉಚಿತ ಸೇವೆಯಲ್ಲಿ. ಅಂದಿನಿಂದ ಅದನ್ನು ತರಗತಿಯಲ್ಲಿ ನಿಯಮಿತವಾಗಿ ಬಳಸುತ್ತಿದ್ದೇನೆ. ಜೀವವಿಜ್ಞಾನ, ಔಷಧವಿಜ್ಞಾನ, ನರ್ಸಿಂಗ್ ಕಲಿಸುವ ಮತ್ತು ಕಲಿಯುವ ಕನ್ನಡಿಗರಿಗೆ ಇದರ ಗುಣವನ್ನೂ ಮಿತಿಯನ್ನೂ ತಿಳಿಸಬೇಕೆಂದು ಈ ವಿಮರ್ಶೆ ಬರೆಯುತ್ತಿದ್ದೇನೆ.

1971ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಕೇವಲ 7 ಪ್ರೋಟೀನ್ ರಚನೆಗಳೊಂದಿಗೆ ಆರಂಭವಾದ ಈ ಭಂಡಾರದಲ್ಲಿ ಈಗ 2 ಲಕ್ಷಕ್ಕೂ ಹೆಚ್ಚು ರಚನೆಗಳಿವೆ. ಅಮೆರಿಕ, ಯೂರೋಪ್ ಮತ್ತು ಜಪಾನಿನ ಕೇಂದ್ರಗಳು ಇದನ್ನು ಒಟ್ಟಾಗಿ ನೋಡಿಕೊಳ್ಳುತ್ತವೆ. ಯಾವ ಕೇಂದ್ರದ ತಾಣಕ್ಕೆ ಹೋದರೂ ಅದೇ ದತ್ತಾಂಶ ಸಿಗುತ್ತದೆ. ಶುಲ್ಕವಿಲ್ಲ, ಹೆಸರು ನೋಂದಾಯಿಸಬೇಕಾಗಿಲ್ಲ, ಚಿತ್ರಗಳನ್ನು ಪಾಠಕ್ಕೆ ಬಳಸಲು ಯಾರ ಅನುಮತಿಯನ್ನೂ ಕೇಳಬೇಕಾಗಿಲ್ಲ. ಪ್ರತಿ ರಚನೆಗೂ ನಾಲ್ಕು ಅಕ್ಷರ-ಅಂಕಿಗಳ ಒಂದು ಗುರುತು ಇರುತ್ತದೆ. ಅದನ್ನು ಹುಡುಕು ಪೆಟ್ಟಿಗೆಯಲ್ಲಿ ಬರೆದರೆ ಆ ಪ್ರೋಟೀನಿನ ಪುಟ ತೆರೆಯುತ್ತದೆ, ಅಲ್ಲಿಂದ ಒಂದು ಕ್ಲಿಕ್ಕಿಗೆ ಮೂರು ಆಯಾಮದ ಮಾದರಿ ಪರದೆಯ ಮೇಲೆ ಬರುತ್ತದೆ. ಬೇರೆ ತಂತ್ರಾಂಶ ಹಾಕಿಕೊಳ್ಳುವ ಅಗತ್ಯವಿಲ್ಲ. ಮೊಬೈಲಿನಲ್ಲೂ ತೆರೆಯುತ್ತದೆ, ಆದರೆ ಸಣ್ಣ ಪರದೆಯ ಮೇಲೆ ಬೆರಳಿನಿಂದ ತಿರುಗಿಸುವಾಗ ಹಿಡಿತ ತಪ್ಪುವುದರಿಂದ ಕಂಪ್ಯೂಟರಿನಲ್ಲಿ ಮೌಸ್ ಹಿಡಿದು ನೋಡುವುದೇ ಮೇಲು.

ವಿದ್ಯಾರ್ಥಿನಿಯ ಪ್ರಶ್ನೆಗಾಗಿ ನಾನು ತೆರೆದದ್ದು 5ಐ6ಎಕ್ಸ್ ಎಂಬ ಗುರುತಿನ ರಚನೆಯನ್ನು. ಮಾನವನ ಸೆರಟೋನಿನ್ ಟ್ರಾನ್ಸ್‌ಪೋರ್ಟರ್‌ನಲ್ಲಿ ಪ್ಯಾರೊಕ್ಸೆಟಿನ್ ಎಂಬ ಔಷಧ ಕೂತಿರುವ ಈ ಸ್ಫಟಿಕ ರಚನೆಯನ್ನು ಅಮೆರಿಕದ ಆರೆಗನ್‌ನಲ್ಲಿರುವ ಎರಿಕ್ ಗೂವೊ ಅವರ ಪ್ರಯೋಗಾಲಯ 2016ರಲ್ಲಿ ಪ್ರಕಟಿಸಿತು. ಮೊದಲ ಸಲ ತೆರೆದಾಗ ನಾನು ಗೊಂದಲಕ್ಕೆ ಬಿದ್ದೆ. ಸುರುಳಿಗಳ ಒಂದು ಕಟ್ಟು ಕೆಳಗೆ, ಅದರ ತಲೆಯ ಮೇಲೆ ಹೆಚ್ಚುಕಡಿಮೆ ಅಷ್ಟೇ ದೊಡ್ಡದಾದ ಇನ್ನೊಂದು ಹೊರೆ. ಪಾಠದ ಪುಸ್ತಕದಲ್ಲಿ ಎಲ್ಲೂ ಕಾಣದ ಈ ಹೊರೆ ಏನೆಂದು ಪುಟದ ವಿವರಗಳನ್ನು ಓದಿದ ಮೇಲೆ ತಿಳಿಯಿತು: ಅದು ಮಿದುಳಿನಲ್ಲಿ ಇರುವುದೇ ಅಲ್ಲ, ಪ್ರೋಟೀನ್ ಅಲುಗಾಡದೆ ಸ್ಫಟಿಕವಾಗಲಿ ಎಂದು ವಿಜ್ಞಾನಿಗಳು ಅಂಟಿಸಿದ ಪ್ರತಿಕಾಯದ ತುಂಡು. ಬಲಬದಿಯ ಪಟ್ಟಿಯಲ್ಲಿ ಆ ತುಂಡಿನ ಸರಪಳಿಗಳನ್ನು ಮರೆಮಾಡಿದ ಕೂಡಲೇ ಟ್ರಾನ್ಸ್‌ಪೋರ್ಟರ್ ಒಂದೇ ಉಳಿಯಿತು. ಹೊಸಬರು ಮಾಡಬೇಕಾದ ಮೊದಲ ಕೆಲಸ ಇದೇ.

ಹಾಗೆ ಉಳಿದ ಪ್ರೋಟೀನನ್ನು ನಿಧಾನವಾಗಿ ತಿರುಗಿಸಿದರೆ 12 ಸುರುಳಿಗಳು ಕೋಶಪೊರೆಯನ್ನು ಅಡ್ಡ ಹಾಯ್ದು ನಿಂತಿರುವುದು ಕಾಣುತ್ತದೆ. ಅವುಗಳಲ್ಲಿ ಒಂದನೆಯದು ಮತ್ತು ಆರನೆಯದು ಸರಿಯಾಗಿ ನಡುಮಧ್ಯದಲ್ಲಿ ಸುರುಳಿ ಬಿಚ್ಚಿಕೊಂಡಿವೆ. ಬಿಚ್ಚಿಕೊಂಡ ಆ ಜಾಗದಲ್ಲೇ ಸೆರಟೋನಿನ್ ಕೂರುವ ಪೀಠವಿದೆ. ಸೋಡಿಯಂ ಅಯಾನುಗಳ ನೆಲೆಯೂ ಅಲ್ಲೇ ಪಕ್ಕದಲ್ಲಿದೆ. ಪ್ಯಾರೊಕ್ಸೆಟಿನ್ ಅಣುವಿನ ಮೇಲೆ ಒತ್ತಿದಾಗ ಮಾದರಿ ತಾನಾಗಿ ಹತ್ತಿರ ಸರಿದು, ಸುತ್ತಲಿನ ಅಮೈನೊ ಆಮ್ಲಗಳನ್ನು ಕಡ್ಡಿಗಳಂತೆ ಬಿಡಿಸಿ, ಅವುಗಳ ನಡುವಿನ ಸೆಳೆತಗಳನ್ನು ಚುಕ್ಕೆಗೆರೆಗಳಿಂದ ತೋರಿಸುತ್ತದೆ. ಔಷಧದ ನೈಟ್ರೋಜನ್ ಇರುವ ತುದಿ 98ನೆಯ ಸ್ಥಾನದ ಆಸ್ಪಾರ್ಟಿಕ್ ಆಮ್ಲದ ಕಡೆಗೆ ಚಾಚಿಕೊಂಡಿರುವುದನ್ನು ಆ ದಿನ ತರಗತಿಯ ಗೋಡೆಯ ಮೇಲೆ ದೊಡ್ಡದಾಗಿ ಕಂಡಾಗ, ಪ್ರಶ್ನೆ ಕೇಳಿದ ಹುಡುಗಿಯೇ ‘ಒಳಗೇ ಹೋಗಿ ಸಿಕ್ಕಿಕೊಂಡಿದೆ ಸರ್’ ಎಂದಳು. ಹೊರಬಾಗಿಲಿನಿಂದ ಪೀಠದವರೆಗೆ ದಾರಿ ತೆರೆದೇ ಇದೆ, ಬಾಗಿಲು ಮುಚ್ಚಿಕೊಳ್ಳಲು ಔಷಧ ಬಿಡುತ್ತಿಲ್ಲ.

ಬಾಗಿಲು ಮುಚ್ಚದಿದ್ದರೆ ಸಾಗಣೆ ಏಕೆ ನಿಲ್ಲಬೇಕು ಎಂಬುದು ಸಹಜವಾದ ಮುಂದಿನ ಪ್ರಶ್ನೆ, ಮತ್ತು ಈ ಪ್ರೋಟೀನುಗಳ ನಿಜವಾದ ಸೊಗಸು ಇರುವುದು ಅದರ ಉತ್ತರದಲ್ಲಿ. ಇವು ಕೊಳವೆಗಳಲ್ಲ. ಹೊರಗಿನ ಬಾಗಿಲು ಮತ್ತು ಒಳಗಿನ ಬಾಗಿಲು ಎಂದೂ ಒಟ್ಟಿಗೆ ತೆರೆಯದ ಪಡಸಾಲೆಯಂತೆ ಇವುಗಳ ನಡಾವಳಿ: ಹೊರಬಾಗಿಲಿನಿಂದ ನರಪ್ರೇಷಕ ಮತ್ತು ಸೋಡಿಯಂ ಒಳಬಂದು ಕೂರಬೇಕು, ಹೊರಬಾಗಿಲು ಮುಚ್ಚಬೇಕು, ಆಮೇಲಷ್ಟೇ ಒಳಬಾಗಿಲು ತೆರೆದು ಬಂದವರು ಕೋಶದೊಳಕ್ಕೆ ಇಳಿಯಬೇಕು. ಹೀಗೊಂದು ಯಂತ್ರವಿರಬೇಕೆಂದು ಓಲೆಗ್ ಜಾರ್ಡೆಟ್‌ಸ್ಕಿ 1966ರಲ್ಲೇ ಸೂಚಿಸಿದ್ದರು. ಕೋಶದ ಹೊರಗೆ ಸೋಡಿಯಂ ಹೆಚ್ಚು, ಒಳಗೆ ಕಡಿಮೆ ಇರುವುದರಿಂದ, ಒಳನುಗ್ಗುವ ಸೋಡಿಯಂನ ಬಲದಿಂದಲೇ ಸೆರಟೋನಿನ್ ಕೂಡ ಒಳಸೇರುತ್ತದೆ. ಹೊರಬಾಗಿಲು ಮುಚ್ಚದಂತೆ ಔಷಧ ನಡುವೆ ಕೂತರೆ ಈ ಸರದಿ ಮೊದಲ ಹೆಜ್ಜೆಯಲ್ಲೇ ನಿಂತುಹೋಗುತ್ತದೆ, ಸೆರಟೋನಿನ್ ಸಂದಿನಲ್ಲೇ ಹೆಚ್ಚು ಹೊತ್ತು ಉಳಿಯುತ್ತದೆ.

ಹಾಗಾದರೆ ಬಿರಡೆಯ ಊಹೆ ಪೂರ್ತಿ ತಪ್ಪೇ? ಅಲ್ಲ. ಅದೇ ಪ್ರಯೋಗಾಲಯ ಅದೇ ವರ್ಷ ಸೇರಿಸಿದ 5ಐ73 ಎಂಬ ರಚನೆಯನ್ನು ತೆರೆಯಿರಿ. ನಮ್ಮ ಔಷಧ ಅಂಗಡಿಗಳಲ್ಲಿ ಎಸ್‌ಸಿಟಾಲೋಪ್ರಾಮ್ ಎಂಬ ಹೆಸರಿನಲ್ಲಿ ಸಿಗುವ ಅಣುವಿನ ಎರಡು ಪ್ರತಿಗಳು ಇದರಲ್ಲಿವೆ. ಒಂದು ನಡುವಿನ ಪೀಠದಲ್ಲಿ ಕೂತಿದ್ದರೆ ಇನ್ನೊಂದು ಅದಕ್ಕಿಂತ ಮೇಲೆ, ಹೊರಬಾಗಿಲಿನ ಮೊಗಸಾಲೆಯಲ್ಲಿ ಕೂತು, ಕೆಳಗಿನದು ಸುಲಭವಾಗಿ ಹೊರಬರದಂತೆ ದಾರಿ ಕಟ್ಟಿದೆ. ಒಳಗೆ ಸಿಕ್ಕಿಕೊಂಡದ್ದೂ ಇದೆ, ಮೇಲೆ ಬಿರಡೆಯೂ ಇದೆ. ಮಾತಿನಲ್ಲಿ ಹತ್ತು ಸಲ ಹೇಳಿದರೂ ನಾಟದ ಈ ಸಂಗತಿ ಮಾದರಿಯನ್ನು ಅರ್ಧ ನಿಮಿಷ ತಿರುಗಿಸಿದರೆ ಮನಸ್ಸಿನಲ್ಲಿ ಕೂರುತ್ತದೆ. ಈ ಸೇವೆಗೆ ನನ್ನ ಪೂರ್ಣ ಅಂಕ ಸಲ್ಲುವುದು ಈ ಕಾರಣಕ್ಕೇ.

ಇದರಿಂದ ಬಂದ ಇನ್ನೊಂದು ಪ್ರಯೋಜನವನ್ನು ಹೇಳಲೇಬೇಕು. ಇವು ‘ಸೆರಟೋನಿನ್ ತುಂಬುವ ಮಾತ್ರೆಗಳು’ ಎಂಬ ಮಾತು ರೋಗಿಗಳ ಮನೆಗಳಲ್ಲಿ ಮಾತ್ರವಲ್ಲ, ಓದಿದವರ ಬಾಯಲ್ಲೂ ಬರುತ್ತದೆ. ರಚನೆಯನ್ನು ಕಂಡವರು ಹಾಗೆ ಹೇಳಲಾರರು. ಮಾತ್ರೆ ಏನನ್ನೂ ತುಂಬುವುದಿಲ್ಲ, ಮರಳಿ ಒಯ್ಯುವವನನ್ನು ತಡೆಯುತ್ತದೆ. ತಡೆ ಕೆಲವೇ ಗಂಟೆಗಳಲ್ಲಿ ಬಿದ್ದರೂ ರೋಗಿಗೆ ಹಾಯೆನಿಸಲು ವಾರಗಳೇ ಬೇಕಾಗುತ್ತವೆ. ಆ ನಡುವಿನ ದಿನಗಳಲ್ಲಿ ಮಿದುಳು ಮಾಡಿಕೊಳ್ಳುವ ಹೊಂದಾಣಿಕೆ ಈ ಚಿತ್ರದಲ್ಲಿಲ್ಲ, ಇರಲು ಸಾಧ್ಯವೂ ಇಲ್ಲ ಎಂದು ತರಗತಿಯಲ್ಲಿ ಸ್ಪಷ್ಟವಾಗಿ ಹೇಳುತ್ತೇನೆ.

ಮಿತಿಗಳ ಮಾತಿಗೆ ಬರುತ್ತೇನೆ. ಇಲ್ಲಿರುವುದು ನಿಲ್ಲಿಸಿ ತೆಗೆದ ಚಿತ್ರ, ಅದೂ ಚಿತ್ರಕ್ಕೆಂದು ಸಿದ್ಧಪಡಿಸಿದ ಪ್ರೋಟೀನಿನದು. ಮಾನವ ಸೆರಟೋನಿನ್ ಟ್ರಾನ್ಸ್‌ಪೋರ್ಟರ್‌ನಲ್ಲಿ 630 ಅಮೈನೊ ಆಮ್ಲಗಳಿವೆ. ಈ ಸ್ಫಟಿಕಗಳಿಗಾಗಿ ಅದರ ಎರಡೂ ತುದಿಗಳನ್ನು ಕತ್ತರಿಸಿ, ಶಾಖಕ್ಕೆ ಕುಸಿಯದಂತೆ ಕೆಲವು ಅಮೈನೊ ಆಮ್ಲಗಳನ್ನು ಬದಲಿಸಲಾಗಿದೆ. ಸುತ್ತಲಿನ ಕೋಶಪೊರೆ ಮಾದರಿಯಲ್ಲಿ ಕಾಣದಿರುವುದರಿಂದ ಮೇಲು ಯಾವುದು, ಕೆಳಗು ಯಾವುದು ಎಂದೇ ಹೊಸಬರಿಗೆ ತಿಳಿಯುವುದಿಲ್ಲ. ಇವೆಲ್ಲ ಪುಟದಲ್ಲಿ ಬರೆದಿರುತ್ತವೆ, ಮುಚ್ಚಿಟ್ಟಿರುವುದಿಲ್ಲ; ಆದರೆ ಬಣ್ಣದ ಮಾದರಿಯ ಸೆಳೆತದಲ್ಲಿ ಕಣ್ಣು ಅಕ್ಷರಗಳ ಕಡೆಗೆ ಹೋಗುವುದಿಲ್ಲ.

ರೆಸಲ್ಯೂಷನ್ ಎಂಬ ಅಂಕಿಯನ್ನಂತೂ ನೋಡದೆ ಮುಂದೆ ಹೋಗಬಾರದು. ಎಷ್ಟು ಸಣ್ಣ ವಿವರ ಬಿಡಿಯಾಗಿ ಕಾಣುತ್ತದೆ ಎಂಬುದನ್ನು ಅದು ಆಂಗ್‌ಸ್ಟ್ರಾಮ್ (ಮೀಟರಿನ ಸಾವಿರ ಕೋಟಿಯಲ್ಲಿ ಒಂದು ಭಾಗ) ಲೆಕ್ಕದಲ್ಲಿ ಹೇಳುತ್ತದೆ; ಕಡಿಮೆಯಿದ್ದಷ್ಟೂ ಚಿತ್ರ ಸ್ಪಷ್ಟ. ಸೆರಟೋನಿನ್ ಟ್ರಾನ್ಸ್‌ಪೋರ್ಟರ್ ಸೇರಿದ ಕುಟುಂಬದ ಮೊದಲ ರಚನೆಯಾಗಿ 2005ರಲ್ಲಿ ಬಂದ, ಬ್ಯಾಕ್ಟೀರಿಯಾದ ಲ್ಯೂ-ಟಿ (LeuT) ಎಂಬ ಪ್ರೋಟೀನಿನದು (ಗುರುತು 2ಎ65) 1.65 ಆಂಗ್‌ಸ್ಟ್ರಾಮ್, ಅದರಲ್ಲಿ ಅದು ಒಯ್ಯುವ ಲ್ಯೂಸಿನ್ ಎಂಬ ಅಮೈನೊ ಆಮ್ಲದ ಅಣುವನ್ನೂ ಎರಡು ಸೋಡಿಯಂಗಳನ್ನೂ ನಿಸ್ಸಂದೇಹವಾಗಿ ಗುರುತಿಸಬಹುದು. ಮಾನವ ಸೆರಟೋನಿನ್ ಟ್ರಾನ್ಸ್‌ಪೋರ್ಟರ್‌ನದು 3 ಆಂಗ್‌ಸ್ಟ್ರಾಮ್‌ಗಿಂತ ತುಸು ಹೆಚ್ಚು. ಅಷ್ಟು ಮಸುಕಿನಲ್ಲಿ ಪ್ಯಾರೊಕ್ಸೆಟಿನ್‌ನ ಯಾವ ತುದಿ ಯಾವ ಕಡೆಗಿದೆ ಎಂಬ ಬಗ್ಗೆಯೇ ವಿಜ್ಞಾನಿಗಳಲ್ಲಿ ಭಿನ್ನಾಭಿಪ್ರಾಯ ಬಂದಿತ್ತು. ಅಣುವಿನಲ್ಲಿದ್ದ ಫ್ಲೋರಿನ್ ಬದಲಿಗೆ ಎಕ್ಸ್‌ ಕಿರಣಕ್ಕೆ ಎದ್ದು ಕಾಣುವ ಬ್ರೋಮಿನ್ ಇಟ್ಟು ಮತ್ತೆ ಪರೀಕ್ಷಿಸಿ, ಮೊದಲು ಇಟ್ಟ ಭಂಗಿಯೇ ಮುಖ್ಯವಾದದ್ದೆಂದು 2020ರಲ್ಲಿ ತೋರಿಸಬೇಕಾಯಿತು.

ರಚನೆಯ ಗುಣಮಟ್ಟವನ್ನು ತಜ್ಞರಲ್ಲದವರೂ ಅಳೆಯಲು ಪ್ರತಿ ಪುಟದಲ್ಲೂ ಕೆಂಪಿನಿಂದ ನೀಲಿಗೆ ಹಾಯುವ ಕೆಲವು ಪಟ್ಟಿಗಳಿವೆ; ಗುರುತು ನೀಲಿಯ ಕಡೆಗಿದ್ದಷ್ಟೂ ಒಳ್ಳೆಯದು. ಅವುಗಳಲ್ಲಿ ಒಂದರ ಪಕ್ಕದಲ್ಲಿ ರಾಮಚಂದ್ರನ್ ಎಂಬ ಹೆಸರನ್ನು ನೋಡಿದಾಗಲೆಲ್ಲ ನನಗೆ ಮನಸ್ಸು ತುಂಬಿ ಬರುತ್ತದೆ. ಪ್ರೋಟೀನಿನ ಬೆನ್ನೆಲುಬು ಯಾವ ಕೋನಗಳಲ್ಲಿ ಬಾಗಬಲ್ಲದು, ಯಾವುದರಲ್ಲಿ ಬಾಗಲಾರದು ಎಂಬುದನ್ನು ಜಿ. ಎನ್. ರಾಮಚಂದ್ರನ್ ಅವರು ಸಹೋದ್ಯೋಗಿಗಳೊಂದಿಗೆ 1963ರಲ್ಲಿ ಮದ್ರಾಸಿನಿಂದ ಪ್ರಕಟಿಸಿದರು; ಇಂದಿಗೂ ಜಗತ್ತಿನ ಯಾವ ಪ್ರಯೋಗಾಲಯದ ರಚನೆಯಾದರೂ ಆ ಒರೆಗಲ್ಲಿಗೆ ಉಜ್ಜಿಸಿಕೊಂಡೇ ಈ ಭಂಡಾರದಲ್ಲಿ ಕೂರಬೇಕು. ಮುಂದೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಕಟ್ಟಿದ ಅಣು ಜೈವಿಕ ಭೌತವಿಜ್ಞಾನ ವಿಭಾಗದಲ್ಲೇ ಇಂದು ನರಪ್ರೇಷಕ ಟ್ರಾನ್ಸ್‌ಪೋರ್ಟರ್‌ಗಳ ಕೆಲಸ ನಡೆಯುತ್ತಿದೆ. ಹಣ್ಣುನೊಣದ ಡೋಪಮೈನ್ ಟ್ರಾನ್ಸ್‌ಪೋರ್ಟರ್‌ನ ರಚನೆಯನ್ನು 2013ರಲ್ಲಿ ಆರೆಗನ್‌ನಲ್ಲಿ ಬಿಡಿಸಿದ ಅರವಿಂದ್ ಪೆನ್ಮತ್ಸ ಈಗ ಅಲ್ಲಿ ಸ್ವಂತ ತಂಡ ಕಟ್ಟಿದ್ದಾರೆ. ಅದೇ ನೊಣದ ಪ್ರೋಟೀನನ್ನು ನಾರ್‌ಅಡ್ರಿನಲಿನ್ ಟ್ರಾನ್ಸ್‌ಪೋರ್ಟರ್‌ನಂತೆ ಮಾರ್ಪಡಿಸಿ, ನೋವಿಗೆ ಕೊಡುವ ಡುಲೋಕ್ಸೆಟಿನ್, ಟ್ರಾಮಡಾಲ್‌ಗಳು ಅದರಲ್ಲಿ ಹೇಗೆ ಕೂರುತ್ತವೆ ಎಂಬುದನ್ನು ಈ ತಂಡ 2021ರಲ್ಲಿ ತೋರಿಸಿತು. 2023ರಲ್ಲಿ ಇಲಿಯ ಗಾಬಾ ಟ್ರಾನ್ಸ್‌ಪೋರ್ಟರ್‌ನ ರಚನೆಯನ್ನೂ ಪ್ರಕಟಿಸಿತು. ಬೆಂಗಳೂರಿನಲ್ಲಿ ನಡೆದ ಕೆಲಸವನ್ನು ಧಾರವಾಡದ ತರಗತಿಯಲ್ಲಿ ತಿರುಗಿಸಿ ತೋರಿಸುವಾಗ ಮಕ್ಕಳ ಮುಖದಲ್ಲಿ ಬರುವ ಬೆಳಕು ಬೇರೆಯೇ.

ಡೋಪಮೈನ್‌ನ ವಿಷಯದಲ್ಲಿ ಮೊದಲು ನೊಣದ ರಚನೆಗಳಿಂದಲೇ ಆರಂಭಿಸಿರಿ. 4ಎಕ್ಸ್‌ಪಿ1ರಲ್ಲಿ ಡೋಪಮೈನ್ ಕೂತಿದೆ, 4ಎಕ್ಸ್‌ಪಿ4ರಲ್ಲಿ ಅದೇ ಪೀಠದಲ್ಲಿ ಕೊಕೇನ್ ಕೂತಿದೆ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಮಾದಕದ್ರವ್ಯದ ಬಗ್ಗೆ ದೀರ್ಘ ಉಪನ್ಯಾಸ ಬೇಕಾಗುವುದಿಲ್ಲ. ಮಾನವ ಡೋಪಮೈನ್ ಟ್ರಾನ್ಸ್‌ಪೋರ್ಟರ್‌ನ ರಚನೆಗಳು 2024ರಲ್ಲಿ ಬಂದಿವೆ. ಗ್ಲುಟಮೇಟ್ ಎಂಬ ನರಪ್ರೇಷಕವನ್ನು ಒಯ್ಯುವ ಪ್ರೋಟೀನುಗಳು ಬೇರೆಯೇ ಕುಟುಂಬದವು; ಮೂರು ಘಟಕಗಳು ಒಟ್ಟಿಗೆ ನಿಂತು, ಪ್ರತಿಯೊಂದರ ಒಂದು ಭಾಗ ಲಿಫ್ಟಿನಂತೆ ಪೊರೆಯಲ್ಲಿ ಮೇಲೆ ಕೆಳಗೆ ಸರಿಯುತ್ತದೆ.

ತಾಣದ ವಿವರಣೆ ಇಂಗ್ಲಿಷಿನಲ್ಲಿದೆ, ಪರಿಭಾಷೆ ದಟ್ಟವಾಗಿದೆ. ಜಪಾನಿನ ಕೇಂದ್ರ ತನ್ನ ಜನರಿಗಾಗಿ ಜಪಾನಿ ಭಾಷೆಯಲ್ಲೂ ಪುಟಗಳನ್ನು ಕೊಡುವಂತೆ ಕನ್ನಡದಲ್ಲಿ ಒಂದು ಕೈಪಿಡಿಯಾದರೂ ಬರಬೇಕೆಂಬುದು ನನ್ನ ಆಸೆ. ಅಲ್ಲಿಯವರೆಗೆ, ಡೇವಿಡ್ ಗುಡ್‌ಸೆಲ್ ಅವರು 2000ದಲ್ಲಿ ಆರಂಭಿಸಿದ ‘ತಿಂಗಳ ಅಣು’ ಎಂಬ ಸಚಿತ್ರ ಅಂಕಣ ಒಳ್ಳೆಯ ಮೆಟ್ಟಿಲು. ಸರಳ ಇಂಗ್ಲಿಷ್ ಬಲ್ಲ ಪಿಯುಸಿ ವಿದ್ಯಾರ್ಥಿಯೂ ಅದನ್ನು ಓದಿಕೊಳ್ಳಬಹುದು. ಒಬ್ಬರೇ ಕೂತು ಮೊದಲ ದಿನವೇ ಎಲ್ಲವನ್ನೂ ಅರಿಯಲು ಹೊರಟರೆ ಬೇಸರ ಬಂದೀತು. ಒಂದು ಪ್ರಶ್ನೆ ಹಿಡಿದು ಹೋಗಬೇಕು, ಒಂದೇ ರಚನೆ ತೆರೆಯಬೇಕು, ಅದರ ಪುಟದ ಅಕ್ಷರಗಳನ್ನು ಪೂರ್ತಿ ಓದಬೇಕು.

ಈ ವರ್ಷ ನಮ್ಮ ತರಗತಿ ಹಿಡಿದಿರುವ ಪ್ರಶ್ನೆ ಸರ್ಪಗಂಧದ್ದು. ರಕ್ತದೊತ್ತಡಕ್ಕೆ ಒಂದು ಕಾಲದಲ್ಲಿ ಬಹಳವಾಗಿ ಬಳಸುತ್ತಿದ್ದ ರಿಸರ್ಪಿನ್ ಆ ಗಿಡದ ಬೇರಿನಿಂದ ಬಂದದ್ದು. ಅದು ತಡೆಯುವುದು ಕೋಶದ ಅಂಚಿನಲ್ಲಿರುವ ಟ್ರಾನ್ಸ್‌ಪೋರ್ಟರನ್ನಲ್ಲ, ಕೋಶದೊಳಗೆ ನರಪ್ರೇಷಕಗಳನ್ನು ಪುಟ್ಟ ಚೀಲಗಳಿಗೆ ತುಂಬುವ ವಿಮ್ಯಾಟ್-2 ಎಂಬ ಇನ್ನೊಂದನ್ನು. ಚೀಲದೊಳಗೆ ಕೂಡಿಟ್ಟ ಎರಡು ಪ್ರೋಟಾನುಗಳು ಹೊರಬಂದರೆ ಒಂದು ಸೆರಟೋನಿನ್ ಅಥವಾ ಡೋಪಮೈನ್ ಒಳಹೋಗುತ್ತದೆ. ಅದರಲ್ಲಿ ರಿಸರ್ಪಿನ್ ಕೂತಿರುವ ರಚನೆ 2023ರಲ್ಲಿ ಪ್ರಕಟವಾಗಿದೆ. ಕಾಲೇಜಿನ ಔಷಧ ತೋಟದಲ್ಲಿ ಕೆಂಪು ತೊಟ್ಟಿನ ಬಿಳಿ ಹೂ ಬಿಡುವ ಗಿಡವನ್ನು ಬೆಳಿಗ್ಗೆ ಮಕ್ಕಳಿಗೆ ತೋರಿಸಿ, ಮಧ್ಯಾಹ್ನ ಅದೇ ಗಿಡದ ಅಣು ಪ್ರೋಟೀನಿನ ಯಾವ ಸುರುಳಿಗಳ ನಡುವೆ ಕೂತಿದೆ ಎಂದು ಅವರಿಂದಲೇ ಹುಡುಕಿಸಬೇಕೆಂದಿದ್ದೇನೆ.