ಮೇಲೆ ಬಾಯಿಯ ಬ್ಯಾಗ್, ಮುಂದೆ ತೆರೆಯುವ ಬ್ಯಾಗ್: ಐದು ವಾರ ಎರಡನ್ನೂ ಹೊತ್ತ ಮೇಲೆ

ಇನ್ನೊಮ್ಮೆ ಹೊರಟರೆ ಮುಂಭಾಗ ಪೂರ್ತಿ ತೆರೆದುಕೊಳ್ಳುವ 40 ಲೀಟರಿನ ಬ್ಯಾಗನ್ನೇ ಹೊರುತ್ತೇನೆ. ಮೊದಲೇ ಹೇಳಿಬಿಡುತ್ತಿದ್ದೇನೆ, ಏಕೆಂದರೆ ಹೋದ ಸಲ ನಾನು ಹಣ ಕೊಟ್ಟು ಕೊಂಡದ್ದು ಅದನ್ನಲ್ಲ. ಕೊಂಡದ್ದು ಚಾರಣಿಗರು ಹೊರುವಂಥ 65 ಲೀಟರಿನದು. ಮೇಲ್ತುದಿಯಲ್ಲಿ ದಾರ ಎಳೆದು ಬಾಯಿ ಬಿಗಿಯಬೇಕು. ಗೆಳತಿಯದು 40 ಲೀಟರಿನದು, ಮೂರು ಬದಿಗೂ ಜಿಪ್ ಓಡಿ ಬಾಗಿಲಿನಂತೆ ತೆರೆಯುವಂಥದ್ದು. ಐದು ವಾರ ಇಬ್ಬರೂ ಥಾಯ್ಲೆಂಡ್ ಮತ್ತು ವಿಯೆಟ್ನಾಂ ಸುತ್ತಿದೆವು. ಮೊದಲು ಕೋ ಟಾವೊ ದ್ವೀಪದಲ್ಲಿ ಡೈವಿಂಗ್ ಕಲಿತೆವು, ಆಮೇಲೆ ಬ್ಯಾಂಕಾಕ್, ಹನೋಯಿ, ಹೋ ಚಿ ಮಿನ್ ನಗರ. ಅರ್ಧದಾರಿಯಲ್ಲಿ ಬ್ಯಾಗುಗಳನ್ನು ಅದಲುಬದಲು ಮಾಡಿಕೊಂಡೆವು. ಹಾಗಾಗಿ ಎರಡರ ಗುಣವೂ ನನ್ನ ಬೆನ್ನಿಗೆ ಗೊತ್ತು.

ಅಂಗಡಿಯಲ್ಲಿ ನನ್ನನ್ನು ಸೋಲಿಸಿದ್ದು 65 ಲೀಟರಿನ ಬ್ಯಾಗಿನ ಸೊಂಟಪಟ್ಟಿ. ಹತ್ತು ಕಿಲೋ ಮರಳಿನ ಮೂಟೆ ತುಂಬಿ ಹೊರಿಸಿದರು. ಪಟ್ಟಿ ಬಿಗಿದೊಡನೆ ಭಾರವೆಲ್ಲ ಹೆಗಲಿನಿಂದ ಸೊಂಟಕ್ಕೆ ಇಳಿಯಿತು. ಹೊರುವ ಸುಖವನ್ನಷ್ಟೇ ನೋಡಿ ಹಣ ಕೊಟ್ಟೆ. ಆ ಬ್ಯಾಗಿನಿಂದ ದಿನಕ್ಕೆ ಎಷ್ಟು ಸಲ ಏನೇನು ತೆಗೆಯಬೇಕಾಗುತ್ತದೆ ಎಂದು ಯೋಚಿಸಲಿಲ್ಲ.

ತೊಂದರೆ ಶುರುವಾದದ್ದು ಚುಂಫೋನ್‌ನ ಜೆಟ್ಟಿಯಲ್ಲಿ. ಕೋ ಟಾವೊದಲ್ಲಿ ವಿಮಾನ ನಿಲ್ದಾಣವಿಲ್ಲ. ಬ್ಯಾಂಕಾಕ್‌ನಿಂದ ರಾತ್ರಿಯ ರೈಲು ಹಿಡಿದು ಬೆಳಗಿನ ಜಾವ ಚುಂಫೋನ್‌ನಲ್ಲಿ ಇಳಿದು, ಬಸ್ಸಿನಲ್ಲಿ ಜೆಟ್ಟಿಗೆ ಹೋಗಿ ಕಟಮರಾನ್ ದೋಣಿ ಏರಬೇಕು. ಇಬ್ಬರು ಹೊರಟವರು ಎಲ್ಲವನ್ನೂ ಎರಡೆರಡು ಹೊರುವುದೇಕೆ ಎಂದು ಔಷಧಿ ಡಬ್ಬಿ, ಸನ್‌ಸ್ಕ್ರೀನ್, ಪ್ಲಗ್ ಅಡಾಪ್ಟರ್, ಸೋಪು, ಬಟ್ಟೆ ಒಣಹಾಕುವ ಹಗ್ಗ ಎಲ್ಲವನ್ನೂ ಒಂದೊಂದೇ ತಂದಿದ್ದೆವು. ದೊಡ್ಡದೆಂಬ ಕಾರಣಕ್ಕೆ ಅವೆಲ್ಲ ಇದ್ದದ್ದು ನನ್ನ ಬ್ಯಾಗಿನಲ್ಲಿ.

ಗೆಳತಿಗೆ ದೋಣಿ ಪ್ರಯಾಣ ಒಗ್ಗುವುದಿಲ್ಲ. ವಾಂತಿ ತಡೆಯುವ ಮಾತ್ರೆಯನ್ನು ದೋಣಿ ಹೊರಡುವುದಕ್ಕೆ ಬಹಳ ಮುಂಚೆಯೇ ನುಂಗಿರಬೇಕು; ಅಲೆಯೆದ್ದ ಮೇಲೆ ನುಂಗಿದರೆ ಉಪಯೋಗ ಕಡಿಮೆ. ಹಿಂದಿನ ಸಂಜೆ ಔಷಧಿ ಡಬ್ಬಿಯನ್ನು ಎಲ್ಲಕ್ಕಿಂತ ಮೇಲಿಟ್ಟಿದ್ದೆ. ರೈಲಿನಲ್ಲಿ ರಾತ್ರಿಯಿಡೀ ಬ್ಯಾಗು ಅಡ್ಡ ಮಲಗಿತ್ತು. ಜೆಟ್ಟಿಯಲ್ಲಿ ದಾರ ಸಡಿಲಿಸಿ ಕೈ ಹಾಕಿದರೆ ಡಬ್ಬಿ ಇಲ್ಲ. ಬದಿಯಿಂದ ಜಾರಿ ಎಲ್ಲಿಗೋ ಇಳಿದಿತ್ತು. ಮೊಣಕೈವರೆಗೆ ತೂರಿಸಿ ತಡಕಿದೆ. ಸಿಗದಿದ್ದಾಗ ಒಂದೊಂದೇ ಬಟ್ಟೆ ತೆಗೆದು ಒದ್ದೆ ಹಲಗೆಯ ಮೇಲೆ ಇಡುತ್ತಾ ಹೋದೆ. ತುಂತುರು ಮಳೆ ಬೇರೆ. ಸರದಿ ಮುಂದೆ ಸರಿಯುತ್ತಿತ್ತು, ಹಿಂದಿನವರು ನಮ್ಮನ್ನು ದಾಟಿ ಹೋಗುತ್ತಿದ್ದರು. ‘ಬಿಡೇ, ಪರವಾಗಿಲ್ಲ’ ಎಂದು ಗೆಳತಿ ಹೇಳುತ್ತಲೇ ಇದ್ದಳು. ಡಬ್ಬಿ ಸಿಕ್ಕಿ, ಬಟ್ಟೆಯನ್ನೆಲ್ಲ ಮತ್ತೆ ತುರುಕಿ, ಅವಳು ಮಾತ್ರೆ ನುಂಗುವ ಹೊತ್ತಿಗೆ ದೋಣಿಯ ಹಗ್ಗ ಬಿಚ್ಚುತ್ತಿದ್ದರು. ದ್ವೀಪ ಮುಟ್ಟುವವರೆಗೂ ಅವಳು ಹಿಂಬದಿಯ ಕಂಬಿ ಹಿಡಿದು ನಿಂತಿದ್ದಳು. ಅಂದು ಸಂಜೆಯ ಮೊದಲ ಪಾಠಕ್ಕೆ ನಾನೊಬ್ಬಳೇ ಹೋದೆ.

ಒಂದು ಸಲದ ಅವಘಡವೆಂದು ಮರೆಯಬಹುದಿತ್ತು. ಆದರೆ ಅದು ದಿನಕ್ಕೆ ಐದಾರು ಬಾರಿ, ಸಣ್ಣ ರೂಪದಲ್ಲಿ, ಮರುಕಳಿಸಿತು. ಮೊದಲು ಹಾಕಿದ್ದು ಕೊನೆಗೆ ಸಿಗುವುದು ಈ ಬ್ಯಾಗಿನ ನಿಯಮ. ನನ್ನ ಬ್ಯಾಗಿನ ಜೋಡಣೆ ನನಗಾದರೂ ಅಷ್ಟಿಷ್ಟು ನೆನಪಿರುತ್ತಿತ್ತು. ಅವಳಿಗೆ ಏನೂ ಗೊತ್ತಿರುತ್ತಿರಲಿಲ್ಲ. ಅಡಾಪ್ಟರ್ ಬೇಕಾದರೆ ನನ್ನನ್ನು ಕೇಳಬೇಕು. ನಾನು ಮಲಗಿದ್ದರೆ ಎಬ್ಬಿಸಲು ಸಂಕೋಚಪಟ್ಟು ಮೊಬೈಲ್ ಚಾರ್ಜ್ ಮಾಡದೆ ಬಿಡುತ್ತಿದ್ದಳು. ನಾಲ್ಕನೆಯ ರಾತ್ರಿ ಇದೇ ವಿಷಯಕ್ಕೆ ನಮ್ಮಲ್ಲಿ ಮಾತಿಗೆ ಮಾತು ಬೆಳೆಯಿತು. ಬ್ಯಾಗುಗಳ ಬಗ್ಗೆ ನಾನು ಓದಿದ ಬರಹಗಳೆಲ್ಲ ಒಬ್ಬರೇ ಹೊರುವ, ಒಬ್ಬರೇ ತೆರೆಯುವ ಲೆಕ್ಕದಲ್ಲಿದ್ದವು. ಇಬ್ಬರು ಹೋಗುವಾಗ ಬ್ಯಾಗು ಇನ್ನೊಬ್ಬರ ಕೈಗೂ ಸಿಗುವಂತಿರಬೇಕು. ನನ್ನದು ಹಾಗಿರಲಿಲ್ಲ.

ತಳದಲ್ಲಿ ಇನ್ನೊಂದು ಜಿಪ್ ಇತ್ತಲ್ಲ ಎಂದು ಚಾರಣಿಗರು ಕೇಳಬಹುದು. ಇತ್ತು. ಅದು ಮಲಗುಚೀಲಕ್ಕೆಂದು ಕೊಟ್ಟದ್ದು. ಅಲ್ಲಿಂದ ಕೈ ಹಾಕಿದರೆ ತಳದ ಸಾಮಾನು ಸಿಗುತ್ತದೆ, ಮೇಲಿಂದ ಹಾಕಿದರೆ ಮೇಲಿನದು. ನಡುವಿನದು ಎರಡೂ ಕಡೆಯಿಂದ ದೂರ. ಬಣ್ಣಬಣ್ಣದ ಸಣ್ಣ ಬಟ್ಟೆಚೀಲಗಳಲ್ಲಿ ಸಾಮಾನು ವಿಂಗಡಿಸಿದ ಮೇಲೆ ಹುಡುಕುವುದು ಸುಲಭವಾಯಿತು, ಹೊರತೆಗೆಯುವುದು ಆಗಲಿಲ್ಲ.

ಇನ್ನು ಒದ್ದೆ ಬಟ್ಟೆ. ಡೈವಿಂಗ್‌ನ ಸಿಲಿಂಡರು, ಜಾಕೆಟ್ಟು, ಕಾಲಿನ ರೆಕ್ಕೆಗಳೆಲ್ಲ ಅಲ್ಲೇ ಬಾಡಿಗೆಗೆ ಸಿಗುತ್ತವೆ. ಮುಖಕ್ಕೆ ಸರಿಯಾಗಿ ಕೂರುವ ಮಾಸ್ಕ್ ಒಂದನ್ನು ಮಾತ್ರ ಒಯ್ದಿದ್ದೆವು. ಹವಳಕ್ಕೆ ಹಾನಿ ಮಾಡುತ್ತವೆ ಎಂದು ಆಕ್ಸಿಬೆಂಜೋನ್‌ನಂಥ ರಾಸಾಯನಿಕಗಳಿರುವ ಸನ್‌ಸ್ಕ್ರೀನ್‌ಗಳನ್ನು ಥಾಯ್ಲೆಂಡ್ 2021ರಲ್ಲಿ ತನ್ನ ಕಡಲ ರಾಷ್ಟ್ರೀಯ ಉದ್ಯಾನಗಳಲ್ಲಿ ನಿಷೇಧಿಸಿದೆ. ಎಲ್ಲೇ ಮುಳುಗಿದರೂ ಅದನ್ನು ಪಾಲಿಸೋಣವೆಂದು ನೀರಿಗಿಳಿಯುವಾಗ ಕ್ರೀಮಿನ ಬದಲು ಉದ್ದ ತೋಳಿನ ಈಜು ಅಂಗಿಗಳನ್ನೇ ತೊಟ್ಟೆವು. ಅದನ್ನು ಈಗಲೂ ಒಪ್ಪುತ್ತೇನೆ. ಆದರೆ ಆ ಅಂಗಿಗಳು ಕಡಲ ಗಾಳಿಯಲ್ಲಿ ಪೂರ್ತಿ ಒಣಗಲೇ ಇಲ್ಲ. ದ್ವೀಪ ಬಿಡುವ ದಿನ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ನನ್ನ ಬ್ಯಾಗಿನ ಮೇಲ್ಭಾಗದಲ್ಲಿಟ್ಟೆ. ಆಳವಾದ ಒಂದೇ ಗೂಡಿನ ಬ್ಯಾಗಿನಲ್ಲಿ ಮೇಲಿನ ಒದ್ದೆ ಕೆಳಕ್ಕೇ ಇಳಿಯಬೇಕು. ಬ್ಯಾಂಕಾಕ್‌ನಲ್ಲಿ ತೆರೆದಾಗ ಚೀಲದ ಗಂಟು ಸಡಿಲಾಗಿತ್ತು. ಒಗೆದ ಬಟ್ಟೆಗೆಲ್ಲ ಮುಗ್ಗಲು ವಾಸನೆ. ಡೈವ್‌ಗಳ ವಿವರ ಬರೆದಿಟ್ಟ ಪುಸ್ತಕದ ಹಾಳೆಗಳು ಉಬ್ಬಿ ಅಂಟಿಕೊಂಡಿದ್ದವು. ಆ ಪುಸ್ತಕದ ಬಗ್ಗೆ ಇವತ್ತಿಗೂ ಬೇಸರವಿದೆ. ಟೈಟನ್ ಟ್ರಿಗರ್‌ಫಿಶ್ ಎಂಬ ಮೀನು ಗೂಡು ಕಾಯುವಾಗ ಅದರ ಸರಹದ್ದು ಮೇಲಕ್ಕೆ ಹೋದಂತೆ ಅಗಲವಾಗುತ್ತದೆ, ಆದ್ದರಿಂದ ಮೇಲಕ್ಕಲ್ಲ, ಪಕ್ಕಕ್ಕೆ ಈಜಿ ತಪ್ಪಿಸಿಕೊಳ್ಳಬೇಕು ಎಂದು ಗುರುಗಳು ಬಿಡಿಸಿ ತೋರಿಸಿದ ಚಿತ್ರ ಅದರಲ್ಲಿತ್ತು. ಶಾಯಿ ಹರಡಿಹೋಗಿದೆ.

ಗೆಳತಿಯ ಬ್ಯಾಗಿನ ಬಾಗಿಲಿನ ಒಳಮೈಯಲ್ಲಿ ಜಾಲರಿಯ ಪ್ರತ್ಯೇಕ ಗೂಡಿತ್ತು. ಅವಳ ಒದ್ದೆ ಅಂಗಿ ಅಲ್ಲೇ ಉಳಿಯಿತು.

ಕೊನೆಯ ಡೈವ್ ಆದ ಮೇಲೆ ವಿಮಾನ ಹತ್ತುವ ಮುನ್ನ ಕನಿಷ್ಠ 18 ಗಂಟೆ ಕಾಯಬೇಕು. ಮೈಯಲ್ಲಿ ಕರಗಿದ ಸಾರಜನಕ ಹೊರಹೋಗಲು ಅಷ್ಟು ಸಮಯ ಕೊಡಬೇಕು. ನಾವು ದೋಣಿ, ರೈಲು ಹಿಡಿದು ಬ್ಯಾಂಕಾಕ್‌ಗೆ ಬಂದು ಒಂದು ದಿನ ಸುಮ್ಮನೆ ಉಳಿದೆವು. ನನ್ನ ಬಟ್ಟೆಯನ್ನೆಲ್ಲ ಮತ್ತೆ ಒಗೆದು ಹಾಸ್ಟೆಲಿನ ತಾರಸಿಯಲ್ಲಿ ಹರವಿದ್ದನ್ನು ನೋಡಿ ಗೆಳತಿಯೇ ಹೇಳಿದಳು: ‘ಇನ್ನು ಊರೂರು ತಿರುಗುವುದು ತಾನೇ? ನೀನು ನನ್ನದು ತೆಗೆದುಕೊ, ನಿನ್ನದನ್ನು ನಾನು ನೋಡುತ್ತೇನೆ.’

ಮೊದಲ ವ್ಯತ್ಯಾಸ ಹನೋಯಿಯ ವಿಮಾನದಲ್ಲೇ ಕಂಡಿತು. ಅಗ್ಗದ ವಿಮಾನಗಳಲ್ಲಿ ಸಾಮಾನ್ಯವಾಗಿ ಏಳು ಕಿಲೋವರೆಗೆ ಮಾತ್ರ ಜೊತೆಯಲ್ಲಿ ಒಯ್ಯಬಹುದು. ಭಾರದ ಸಾಮಾನನ್ನೆಲ್ಲ ದೊಡ್ಡದಕ್ಕೆ ದಾಟಿಸಿದ ಮೇಲೆ 40 ಲೀಟರಿನದು ನನ್ನೊಂದಿಗೇ ಬಂತು. 65 ಲೀಟರಿನದಕ್ಕೆ ಪ್ರತಿ ಸಲವೂ ಬೇರೆ ಶುಲ್ಕ. ಇಳಿದ ಮೇಲೆ ಬೆಲ್ಟಿನ ಮುಂದೆ ಕಾಯುವುದು ಬೇರೆ.

ಹನೋಯಿಯ ಹಳೆಯ ಪೇಟೆಯಲ್ಲಿ ಪಾದಚಾರಿ ಮಾರ್ಗವೆಂದರೆ ಸಾಲಾಗಿ ನಿಂತ ಬೈಕುಗಳು, ಅವುಗಳ ನಡುವೆ ಮೊಣಕಾಲೆತ್ತರದ ಪ್ಲಾಸ್ಟಿಕ್ ಸ್ಟೂಲುಗಳು, ಫೋ ಎಂಬ ನೂಡಲ್ಸ್ ಸಾರು ಕುದಿಯುವ ಪಾತ್ರೆ. ನಡೆಯುವವರು ರಸ್ತೆಗೇ ಇಳಿಯಬೇಕು. ರಸ್ತೆ ದಾಟುವ ಉಪಾಯ ಒಂದೇ: ಒಂದೇ ನಿಧಾನಗತಿಯಲ್ಲಿ ನಡೆಯುತ್ತಾ ಇರುವುದು, ನಿಲ್ಲದಿರುವುದು, ಹಿಂದೆ ಸರಿಯದಿರುವುದು. ಬೈಕುಗಳು ತಾವೇ ಅಕ್ಕಪಕ್ಕ ಸುತ್ತಿ ಹೋಗುತ್ತವೆ. ತಲೆಗಿಂತ ಎತ್ತರದ ಬ್ಯಾಗು ಹೊತ್ತವರಿಗೆ ಕತ್ತು ತಿರುಗಿಸಿ ಹಿಂದೆ ನೋಡಲಾಗುವುದಿಲ್ಲ, ಅಂಗಡಿಯೊಳಗೆ ತಿರುಗಿದರೆ ಏನಾದರೂ ತಗಲುತ್ತದೆ. ಹೊಆನ್ ಕಿಯೆಂ ಕೆರೆಯಿಂದ ಹಾಸ್ಟೆಲಿನವರೆಗೆ ಗೆಳತಿ ನನ್ನ ಭುಜ ಹಿಡಿದುಕೊಂಡೇ ಬಂದಳು. ಚಕ್ರದ ಸೂಟ್‌ಕೇಸ್ ಈ ಬೀದಿಗಳಿಗೆ ಬೇಡವೇ ಬೇಡ.

ರಾತ್ರಿಯ ಸ್ಲೀಪರ್ ಬಸ್ಸಿನಲ್ಲಿ ದೊಡ್ಡ ಸಾಮಾನೆಲ್ಲ ಕೆಳಗಿನ ಡಿಕ್ಕಿಗೆ ಹೋಗಬೇಕು, ಚಪ್ಪಲಿ ಕಳಚಿ ಚೀಲದಲ್ಲಿ ಹಿಡಿದು ಹತ್ತಬೇಕು, ನಿರ್ವಾಹಕ ಅವಸರಿಸುತ್ತಾನೆ. ಆ ಗಡಿಬಿಡಿಯಲ್ಲಿ ಜಿಪ್ಪನ್ನು ಒಂದು ಗೇಣು ಸರಿಸಿ ಸ್ವೆಟರ್, ಚಾರ್ಜರ್, ಮಾತ್ರೆ ಮೂರನ್ನೂ ಅರೆ ನಿಮಿಷದಲ್ಲಿ ತೆಗೆದೆ. ಚುಂಫೋನ್ ನೆನಪಾಗಿ ಮನಸ್ಸು ಹಗುರಾಯಿತು.

40 ಲೀಟರಿನದರಲ್ಲಿ ಕೊರತೆಗಳಿವೆ. ಸೊಂಟಪಟ್ಟಿ ತೀರಾ ತೆಳು, ಮುಕ್ಕಾಲು ಗಂಟೆ ನಡೆದರೆ ಹೆಗಲು ನೋಯುತ್ತದೆ. ಹೊರುವ ಸುಖದಲ್ಲಿ 65ರ ಮುಂದೆ ಇದು ನಿಲ್ಲುವುದಿಲ್ಲ. ಪೂರ್ತಿ ತೆರೆಯಲು ಇಡೀ ಹಾಸಿಗೆ ಬೇಕು. ರೈಲಿನ ಮೇಲಿನ ಬರ್ತಿನಲ್ಲಿ ಅದು ಅಸಾಧ್ಯ. ಜಿಪ್ ಹೋದರೆ ಇಡೀ ಬ್ಯಾಗೇ ಹೋದಂತೆ, ದಾರ ಹರಿದರೆ ಬೇರೆ ದಾರ ಕಟ್ಟಬಹುದು. ಕಡಲಿನ ಉಪ್ಪು ಕೂತು ಜಿಪ್ ಒಮ್ಮೆ ಸಿಕ್ಕಿಕೊಂಡಿತ್ತು. ಸಿಹಿನೀರಿನಲ್ಲಿ ತೊಳೆದು, ಒಣಗಿಸಿ, ಮೇಣದಬತ್ತಿ ಉಜ್ಜಿದ ಮೇಲೆ ಸರಿಯಾಯಿತು. ಇನ್ನೊಂದು ಕಡೆ, ಜಿಪ್ಪಿಗೆ ಸಣ್ಣ ಬೀಗ ಹಾಕಬಹುದು. ಹತ್ತು ಜನ ಮಲಗುವ ಕೋಣೆಯಲ್ಲಿ ಅದು ದೊಡ್ಡ ನೆಮ್ಮದಿ.

ಮಳೆಗೆ ಎರಡರ ಹೊದಿಕೆಯೂ ಸಾಲದು, ಬೆನ್ನಿನ ಕಡೆಯಿಂದ ನೀರು ಇಳಿದೇ ಇಳಿಯುತ್ತದೆ.

ನಾನು ಎರಡು ಮೂರು ದಿನಕ್ಕೊಮ್ಮೆ ಊರು ಬದಲಿಸುವವಳು, ಬಟ್ಟೆ ಒಗೆದು ಒಗೆದು ಹಾಕಿಕೊಳ್ಳುವವಳು, ಟೆಂಟ್ ಒಯ್ಯದವಳು. ನನಗೆ 40 ಲೀಟರ್ ಸಾಕು. ವಿಮಾನದಲ್ಲಿ ಸಾಮಾನಿನ ಶುಲ್ಕ ಕೊಡದೆ ಉಳಿಯುವ ಹಣ ಇನ್ನೆರಡು ದಿನ ನೀರಿಗಿಳಿಯಲು ಆಗುತ್ತದೆ. ಟೆಂಟು ಹೊತ್ತು ದಿನಗಟ್ಟಲೆ ಬೆಟ್ಟ ಹತ್ತುವವರಾದರೆ 65ರ ಸೊಂಟಪಟ್ಟಿಯನ್ನು ಬಿಡಬೇಡಿ. ಮೇಲೆ ಬಾಯಿಯ ಬ್ಯಾಗು ಈಗಾಗಲೇ ಮನೆಯಲ್ಲಿದ್ದು ಹಣ ಕಡಿಮೆಯಿದ್ದರೆ ಹೊಸದು ಕೊಳ್ಳುವುದಕ್ಕಿಂತ, ಬಾಯಿಯನ್ನು ಮೂರು ಸುತ್ತು ಮಡಚಿ ಮುಚ್ಚುವ ಹತ್ತು ಲೀಟರಿನ ಜಲನಿರೋಧಕ ಚೀಲವೊಂದನ್ನು ಕೊಳ್ಳಿ. ಒದ್ದೆಯದೆಲ್ಲ ಅದರೊಳಗೆ ಇರಲಿ. ಹಂಚಿಕೊಳ್ಳುವ ಸಾಮಾನನ್ನು ಪುಟ್ಟ ಕೈಚೀಲದಲ್ಲಿ ಹೊರಗೇ ಇಡಿ.

ನನ್ನ 65 ಲೀಟರಿನ ಬ್ಯಾಗು ಈಗ ಬೀರುವಿನ ಮೇಲಿದೆ. ಗೆಳತಿಯದರಂಥದ್ದೇ ಒಂದನ್ನು ಕೊಂಡಿದ್ದೇನೆ. ಮುಂದಿನ ಸಲ ಔಷಧಿ ಡಬ್ಬಿ ಅವಳ ಬ್ಯಾಗಿನಲ್ಲಿರುತ್ತದೆ.