ಗೃಹಸಾಲ: ರೆಪೋ ಬ್ಯಾಂಕೋ, ಹೌಸಿಂಗ್ ಫೈನಾನ್ಸೋ, ಓವರ್‌ಡ್ರಾಫ್ಟೋ?

50 ಲಕ್ಷದ ಫ್ಲ್ಯಾಟು, 40 ಲಕ್ಷ ಸಾಲ, 20 ವರ್ಷದ ಅವಧಿ. ಮೂರು ಬಗೆಯ ಸಾಲಕ್ಕೂ ಇದೇ ಲೆಕ್ಕ ಹಾಕಿ ನೋಡೋಣ. 8.5% ಬಡ್ಡಿಗೆ ತಿಂಗಳ ಕಂತು ₹34,713. 9.5% ಆದರೆ ₹37,285. ಎರಡೂವರೆ ಸಾವಿರ ತಾನೇ ಎನಿಸುತ್ತದೆ, ಆದರೆ ಸಾಲ ತೀರುವ ಹೊತ್ತಿಗೆ ಅದು ₹6.17 ಲಕ್ಷ. ಹಾಗಿದ್ದರೂ ಜಾಹೀರಾತಿನಲ್ಲಿ ಕಾಣುವ ದರಕ್ಕಿಂತ ಆ ದರ ಯಾವುದರ ಜೊತೆ ಏರಿಳಿಯುತ್ತದೆ ಎಂಬುದನ್ನೇ ಮೊದಲು ಕೇಳಬೇಕು.

ಬ್ಯಾಂಕುಗಳ ಮಟ್ಟಿಗೆ ಉತ್ತರ ಸ್ಪಷ್ಟ. 2019ರ ಅಕ್ಟೋಬರ್ 1ರಿಂದ ಹೊಸ ಫ್ಲೋಟಿಂಗ್ (ಬಡ್ಡಿ ದರ ಏರಿಳಿಯುವ) ಗೃಹಸಾಲಗಳನ್ನು ರೆಪೋದಂಥ, ಅಂದರೆ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ದರದಂಥ, ಹೊರಗಿನ ಮಾನದಂಡಕ್ಕೇ ಜೋಡಿಸಬೇಕು, ಮೂರು ತಿಂಗಳಿಗೊಮ್ಮೆಯಾದರೂ ದರ ಪರಿಷ್ಕರಿಸಬೇಕು. 2025ರ ಫೆಬ್ರವರಿಯಿಂದ ಜೂನ್ ನಡುವೆ ರೆಪೋ 6.50%ರಿಂದ 5.50%ಕ್ಕೆ ಇಳಿಯಿತು. ರೆಪೋಗೆ ಜೋಡಿಸಿದ ಸಾಲ ಪಡೆದವರು ತಮ್ಮ ದರ ಇಳಿಸಿಕೊಳ್ಳಲು ಅರ್ಜಿ ಹಿಡಿದು ಅಲೆಯಬೇಕಿರಲಿಲ್ಲ.

ಹೌಸಿಂಗ್ ಫೈನಾನ್ಸ್ ಕಂಪನಿಗಳಿಗೆ ಈ ಕಟ್ಟುಪಾಡಿಲ್ಲ. ಅವು ತಾವೇ ಗೊತ್ತುಮಾಡುವ ಮೂಲ ದರವಾದ ಪಿಎಲ್‌ಆರ್ ಇಟ್ಟುಕೊಳ್ಳುತ್ತವೆ. ಹೊಸಬರಿಗೆ ಕಡಿಮೆ ದರ ಕೊಟ್ಟು, ಹಳಬರನ್ನು ಹಳೆಯ ದರದಲ್ಲೇ ಬಿಡುವುದುಂಟು. ಹೊಸ ದರ ಬೇಕೆಂದರೆ ಕನ್ವರ್ಶನ್ ಶುಲ್ಕ ಕಟ್ಟಬೇಕು. ವರ್ಷಕ್ಕೊಮ್ಮೆ ಶಾಖೆಗೆ ಹೋಗಿ ಕೇಳದವರು ಸುಮ್ಮನೆ ಹೆಚ್ಚು ಕಟ್ಟುತ್ತಾ ಹೋಗುತ್ತಾರೆ. ಆದರೂ ಕೆಲವರಿಗೆ ಇದೇ ದಾರಿ. ಸಂಬಳದ ಚೀಟಿ ಇಲ್ಲದ ವ್ಯಾಪಾರಿಗಳಿಗೆ, ಪೂರ್ಣ ಅನುಮೋದನೆಯಿಲ್ಲದ ಬಿ ಖಾತೆಯ ಸೊತ್ತು ಕೊಳ್ಳುವವರಿಗೆ ದೊಡ್ಡ ಬ್ಯಾಂಕುಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ಈ ಕಂಪನಿಗಳಲ್ಲಿ ಕೆಲವು ಹೆಚ್ಚು ಬಡ್ಡಿಗೆ ಒಪ್ಪುತ್ತವೆ. ಎ ಖಾತೆ, ಸರಿಯಾದ ಐಟಿ ರಿಟರ್ನ್ ಎರಡೂ ಇದ್ದರೆ ಅಲ್ಲಿಗೆ ಹೋಗಲು ನಮಗೆ ಕಾರಣ ಕಾಣುವುದಿಲ್ಲ.

ಓವರ್‌ಡ್ರಾಫ್ಟ್ ಸಾಲದಲ್ಲಿ ಕೈಯಲ್ಲಿರುವ ಹಣವನ್ನು ಸಾಲದ ಖಾತೆಯಲ್ಲೇ ಇಡಬಹುದು, ಬೇಕಾದಾಗ ತೆಗೆಯಬಹುದು. 8.5%ರಲ್ಲಿ ₹3 ಲಕ್ಷ ಒಂದು ತಿಂಗಳಿದ್ದರೆ ₹2,125 ಬಡ್ಡಿ ಉಳಿಯುತ್ತದೆ. ಆದರೆ ಇದರ ದರ ಸಾಮಾನ್ಯ ಸಾಲಕ್ಕಿಂತ ತುಸು ಹೆಚ್ಚು. ಕಾಲು ಶೇಕಡಾ ಹೆಚ್ಚಿದ್ದರೂ ಮೊದಲ ವರ್ಷವೇ ₹10,000ದಷ್ಟು ಹೊರೆ. ಸದಾ ಒಂದೂವರೆ, ಎರಡು ಲಕ್ಷ ಖಾತೆಯಲ್ಲಿ ನಿಲ್ಲದಿದ್ದರೆ ಲಾಭವಿಲ್ಲ. ತಿಂಗಳ ಕೊನೆಗೆ ಕೈ ಬರಿದಾಗುವವರು ಮಾಮೂಲಿ ಸಾಲ ಪಡೆದು, ಬೋನಸ್ ಬಂದಾಗ ಅಸಲಿಗೆ ಕಟ್ಟಲಿ. ವ್ಯಕ್ತಿಗಳ ಫ್ಲೋಟಿಂಗ್ ಗೃಹಸಾಲಕ್ಕೆ ಮುಂಗಡ ಪಾವತಿಯ ದಂಡವಿಲ್ಲ.

ಯಾವುದನ್ನೇ ಆರಿಸಿದರೂ ಹೆಚ್ಚು ಜನ ಏಟು ತಿನ್ನುವುದು ದರ ಏರಿದಾಗ. ಸಾಲದಾತರು ಕಂತು ಹಾಗೇ ಇಟ್ಟು ಅವಧಿ ಎಳೆಯುತ್ತಾರೆ. ನಮ್ಮ ಲೆಕ್ಕದಲ್ಲಿ ಮೊದಲ ಕಂತಿನ ₹34,713ರಲ್ಲಿ ₹28,333 ಬಡ್ಡಿಗೇ ಹೋಗುತ್ತದೆ, ಅಸಲು ಕರಗುವುದು ₹6,380 ಮಾತ್ರ. ಆರಂಭದಲ್ಲೇ ದರ 9.5% ಆಗಿ ಕಂತು ಬದಲಾಗದಿದ್ದರೆ 240 ತಿಂಗಳ ಸಾಲ ಸುಮಾರು 309 ತಿಂಗಳಿಗೆ ಹೋಗುತ್ತದೆ. ಕಂತು ಏರಿಸಬೇಕೋ, ಅವಧಿ ಏರಿಸಬೇಕೋ ಎಂದು ಸಾಲಗಾರರನ್ನು ಕೇಳಬೇಕೆಂದು 2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಆದೇಶಿಸಿದೆ. ಸಾಧ್ಯವಾದರೆ ಕಂತನ್ನೇ ಏರಿಸಿ, ಲಿಖಿತವಾಗಿ ಕೊಡಿ.

ಸಾಲ ಮಂಜೂರಾದ ಸ್ಯಾಂಕ್ಷನ್ ಪತ್ರದಲ್ಲಿ ವಿಮೆಯ ಪ್ರಸ್ತಾಪವಿದೆಯೇ ಎಂದು ಹುಡುಕಿ. ₹80,000 ಪ್ರೀಮಿಯಂ ಸಾಲಕ್ಕೇ ಸೇರಿಕೊಂಡರೆ 20 ವರ್ಷದಲ್ಲಿ ₹1.67 ಲಕ್ಷ ಕಟ್ಟಿದಂತಾಗುತ್ತದೆ. ಪ್ರತ್ಯೇಕ ಟರ್ಮ್ ಪಾಲಿಸಿಯ (ನಿಗದಿತ ಅವಧಿಯ ಜೀವವಿಮೆ) ದರವನ್ನೂ ವಿಚಾರಿಸಿ.

ಕೈಯಿಂದ ಹಾಕುವ ಹಣವೂ ಲೆಕ್ಕದಲ್ಲಿರಲಿ. 30ರಿಂದ 75 ಲಕ್ಷದ ಸಾಲಕ್ಕೆ ಸೊತ್ತಿನ ಬೆಲೆಯ 80%ವರೆಗೆ ಮಾತ್ರ ಸಿಗುತ್ತದೆ, ಮುದ್ರಾಂಕ ಮತ್ತು ನೋಂದಣಿ ವೆಚ್ಚ ಆ ಬೆಲೆಗೆ ಸೇರುವುದಿಲ್ಲ. ಕರ್ನಾಟಕದಲ್ಲಿ ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1%ರಿಂದ 2% ಆಗಿದೆ. ಹಾಗಾಗಿ 50 ಲಕ್ಷದ ಫ್ಲ್ಯಾಟಿಗೆ 10 ಲಕ್ಷದ ಜೊತೆ ಮುದ್ರಾಂಕ, ನೋಂದಣಿಗೆ ಇನ್ನೂ ಮೂರೂಮುಕ್ಕಾಲು ಲಕ್ಷದಷ್ಟು ಹೊಂದಿಸಿಕೊಂಡೇ ಅಡ್ವಾನ್ಸ್ ಕೊಡಿ.