ಟ್ರೇಲರ್ ಎಳೆಯಲು ಹಳೆ ಗಾಡಿ ತಗೊಳ್ಳುವವರೇ, ಖಾಲಿ ಓಡಿಸಿ ನೋಡಿ ದುಡ್ಡು ಕೊಡಬೇಡಿ

ಬೆಳಗಾವಿಯಲ್ಲಿ ನನ್ನದೊಂದು ಸಣ್ಣ ಗ್ಯಾರೇಜು. ಕೊಲ್ಹಾಪುರ, ಸಾಂಗ್ಲಿ ಕಡೆ ಕೆಟ್ಟು ನಿಂತ ಕಾರು ತಂದು ರಿಪೇರಿ ಮಾಡಿ ಮಾರುತ್ತೇನೆ. ಪ್ರತಿ ಸಲ ಕ್ರೇನ್ ಬಾಡಿಗೆ ಕೊಟ್ಟು ಸಾಕಾಗಿ ಒಂದು ಟ್ರೇಲರ್ ಮಾಡಿಸಿದೆ. ಎಳೆಯಲು 2 ಲಕ್ಷ 40 ಸಾವಿರಕ್ಕೆ 2011ರ ಡೀಸೆಲ್ ಜೀಪು ತಗೊಂಡೆ.

"ಇಂಜಿನ್ನಿಗೆ ಯಾರೂ ಕೈ ಹಚ್ಚಿಲ್ಲ ಅಣ್ಣಾರ, ಕಣ್ ಮುಚ್ಚಿ ತಗೋರಿ" ಅಂದ ಏಜೆಂಟ. ಸದ್ದು ಚೆನ್ನಾಗಿತ್ತು, ಹೊಗೆ ಇರಲಿಲ್ಲ. ಊರೊಳಗೆ ಎರಡು ರೌಂಡ್ ಹೊಡೆದು ದುಡ್ಡು ಎಣಿಸಿದೆ. ಗ್ಯಾರೇಜಿನವನಾಗಿ ನಾನೇ ಹೀಗೆ ಮಾಡಿದೆ, ನಗಬೇಡಿ. ಹಿಂದೆ ಟ್ರೇಲರ್ ಸಿಕ್ಕಿಸುವ ಕೊಂಡಿ ಬೇರೆ ಮೊದಲೇ ಇತ್ತು, ಖರ್ಚು ಉಳಿಯಿತು ಅಂತ ಖುಷಿ.

ಮೊದಲ ಟ್ರಿಪ್ಪು ಕೊಲ್ಹಾಪುರದಿಂದ. ಟ್ರೇಲರ್ ಸುಮಾರು 500 ಕೆಜಿ, ಮೇಲಿನ ಸಣ್ಣ ಕಾರು 900. ನಿಪ್ಪಾಣಿವರೆಗೆ ಏನೂ ಗೊತ್ತಾಗಲಿಲ್ಲ. ತವಂದಿ ಘಾಟ್ ಶುರುವಾಯಿತು ನೋಡಿ, ಆಕ್ಸಿಲರೇಟರ್ ತುಳಿದಷ್ಟೂ ಇಂಜಿನ್ ಒದರುತ್ತದೆ, ಗಾಡಿ ಮಾತ್ರ ಏರುವುದಿಲ್ಲ, ಕ್ಲಚ್ ಸುಟ್ಟ ವಾಸನೆ ಮೂಗಿಗೆ ಬಡಿಯುತ್ತಿದೆ, ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಗಿದೆ, ಹಿಂದೆ ಲಾರಿಗಳ ಹಾರನ್ನು. ಬದಿಗೆ ಹಾಕಿ ಇಳಿದು ನೋಡಿದರೆ ಕೊಂಡಿಯನ್ನು ಚಾಸಿಗಲ್ಲ (ಗಾಡಿಯ ಅಡಿಯ ಗಟ್ಟಿ ಚೌಕಟ್ಟು), ಬಂಪರಿನ ತಗಡಿಗೆ ವೆಲ್ಡ್ ಮಾಡಿದ್ದಾರೆ. ಆ ವೆಲ್ಡ್ ಅರ್ಧ ಬಿಟ್ಟಿತ್ತು. ಕೈಕಾಲು ತಣ್ಣಗಾದವು.

ಕೊನೆಗೆ ಕ್ರೇನೇ ಬಂತು. ಜೀಪು, ಟ್ರೇಲರ್, ಕಾರು, ಮೂರಕ್ಕೂ ಬಾಡಿಗೆ.

ಸವೆದ ಕ್ಲಚ್ ಖಾಲಿ ಗಾಡಿ ಓಡಿಸುವಾಗ ಎಷ್ಟೋ ಸಲ ಸುಳಿವೇ ಕೊಡುವುದಿಲ್ಲ. ಸಮತಟ್ಟು ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕೂ ಒತ್ತಿ, ಮೂರನೇ ಗೇರಿನಲ್ಲಿ ಕ್ಲಚ್ ಮೆಲ್ಲಗೆ ಬಿಡಿ. ಇಂಜಿನ್ ಬಂದ್ ಆಗಬೇಕು. ಓಡುತ್ತಲೇ ಇದ್ದರೆ ಕ್ಲಚ್ ಪ್ಲೇಟ್ ಮುಗಿದಿದೆ. ಗಾಡಿ ತಣ್ಣಗಿರುವಾಗಲೇ ರೇಡಿಯೇಟರ್ ಮುಚ್ಚಳ ತೆಗೆದು ನೋಡಿ, ನೀರು ತುಕ್ಕಿನ ಬಣ್ಣಕ್ಕಿದ್ದರೆ ಘಾಟ್ ಏರುವ ಮಾತೇ ಬೇಡ. ಕೆಳಗೆ ಮಲಗಿ ಚಾಸಿ ನೋಡಿ. ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರೆ ಉಗುರಿನಿಂದ ಕೆರೆಯಿರಿ, ಒಳಗೆ ತುಕ್ಕೋ ಹಳೆ ವೆಲ್ಡೋ ಇದ್ದೀತು. ಇಷ್ಟೆಲ್ಲ ಸರಿ ಇದ್ದರೆ ಒಬ್ಬರ ಟ್ರೇಲರ್ ಕೇಳಿ ಇಸ್ಕೊಂಡು, ಲೋಡ್ ಹಾಕಿ ಬೆಳಗಾವಿ ಹತ್ತಿರದ ವಂಟಮುರಿ ಘಾಟ್ ಏರಿಸಿ ನೋಡಿ. ಮಾರುವವನು ಬೇಡ ಅಂದರೆ ಅಲ್ಲಿಗೇ ಬಿಡಿ.

ಆರ್‌ಸಿಯಲ್ಲಿ ಸಾಲ ಕೊಟ್ಟ ಬ್ಯಾಂಕಿನ ಹೆಸರು ಇದೆಯಾ ನೋಡಿ. ನನ್ನದರಲ್ಲಿ ಇತ್ತು. ಬ್ಯಾಂಕಿನ ಎನ್‌ಒಸಿ (ತಕರಾರಿಲ್ಲ ಅನ್ನುವ ಪತ್ರ), ಸಾಲ ಮುಗಿಯಿತು ಅಂತ ತಿಳಿಸುವ ಫಾರ್ಮ್ 35 ಇಲ್ಲದೆ ಅದು ಹೋಗುವುದಿಲ್ಲ, ಆ ಓಡಾಟವೇ ಇನ್ನೊಂದು ಕತೆ.

ಜೀಪು ಈಗ ಗ್ಯಾರೇಜಿನ ಹಿಂದೆ ನಿಂತಿದೆ. ಮೊನ್ನೆ ಅದೇ ಏಜೆಂಟನ ಫೋನು, "ಮಾರ್ತೀರೇನ್ರಿ ಅಣ್ಣಾರ? ಗಿರಾಕಿ ಅದಾರ."